ಮೋಡದ ಚಿತ್ರವನ್ನು ಓದಬಲ್ಲವರ ಪಡೆ ಕಟ್ಟಿದ ಪಿಷಾರಟಿ

ಉಪಗ್ರಹದಿಂದ ಬಂದ ಮೋಡದ ಚಿತ್ರ ತಾನಾಗಿಯೇ ಹವಾಮಾನ ಮುನ್ಸೂಚನೆ ಆಗುವುದಿಲ್ಲ. ಚಿತ್ರದಲ್ಲಿ ಕಾಣುವ ಬಿಳಿಯ ಹರವು ಮಳೆ ಸುರಿಸುವ ಮೋಡವೇ, ಬರಿದೆ ತೇಲಿಹೋಗುವ ತೆಳುಮೋಡವೇ ಎಂದು ನಿರ್ಧರಿಸಲು ಬಲ್ಲವರು ಬೇಕು. ಭಾರತದಲ್ಲಿ ಅಂಥ ಬಲ್ಲವರನ್ನು ಸಿದ್ಧಗೊಳಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಪಿಷಾರತ್ ರಾಮ ಪಿಷಾರಟಿ. ಭಾರತೀಯ ದೂರಸಂವೇದಿ ವಿಜ್ಞಾನದ ಜನಕರೆಂದು ಖ್ಯಾತರಾದ ಅವರು ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ.

1909ರ ಫೆಬ್ರವರಿ 10ರಂದು ಕೇರಳದ ಪಾಲಕ್ಕಾಡ್ ಪ್ರದೇಶದ ಕೊಲ್ಲಂಗೋಡಿನಲ್ಲಿ ಜನಿಸಿದ ಪಿಷಾರಟಿಯವರು ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. ರಜೆಯ ದಿನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿದ್ದರು. 1942ರಲ್ಲಿ ಹವಾಮಾನ ಇಲಾಖೆ ಸೇರಿದರು. ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾಕೋಬ್ ಬ್ಯರ್ಕ್‌ನೆಸ್ ಅವರೊಡನೆ ಅಧ್ಯಯನ ಮಾಡಿ 1954ರಲ್ಲಿ ಡಾಕ್ಟರೇಟ್ ಪಡೆದರು.

ಮುಂಗಾರು ಅವರ ಜೀವಮಾನದ ಅಧ್ಯಯನದ ವಸ್ತು. ವಾಯುಭಾರ ಕುಸಿತದ ಸುತ್ತ ಮಳೆ ಸಮನಾಗಿ ಬೀಳುವುದಿಲ್ಲ, ಅದರ ನೈಋತ್ಯ ಭಾಗದಲ್ಲೇ ಹೆಚ್ಚು ಸುರಿಯುತ್ತದೆ ಎಂಬುದನ್ನು 1957ರಲ್ಲಿ ಜಿ.ಸಿ. ಅಸ್ನಾನಿ ಅವರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದರು. ಮುಂಗಾರು ಮಾರುತ ಹೊತ್ತು ತರುವ ತೇವಾಂಶದಲ್ಲಿ ಅರಬ್ಬಿ ಸಮುದ್ರದ ಆವಿಯ ಪಾಲು ದೊಡ್ಡದೆಂದು 1965ರ ಅಧ್ಯಯನದಲ್ಲಿ ಪ್ರತಿಪಾದಿಸಿದರು. ಕೊಂಕಣದಿಂದ ಮಲಬಾರಿನವರೆಗಿನ ಇಡೀ ಕರಾವಳಿಯ ಮಳೆಗೆ ಸಂಬಂಧಿಸಿದ ವಿಷಯವಿದು.

1962ರಲ್ಲಿ ಪುಣೆಯಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆ ಆರಂಭವಾದಾಗ ಅವರೇ ಅದರ ಸ್ಥಾಪಕ ನಿರ್ದೇಶಕರು. 1967ರಲ್ಲಿ ಅಲ್ಲಿಂದ ನಿವೃತ್ತರಾದ ಅವರನ್ನು ವಿಕ್ರಂ ಸಾರಾಭಾಯಿ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯಕ್ಕೆ ಹಿರಿಯ ಪ್ರಾಧ್ಯಾಪಕರಾಗಿ ಬರಮಾಡಿಕೊಂಡರು.

ಆ ಕಾಲದ ಅಗತ್ಯವನ್ನು ಗಮನಿಸಿದರೆ ಈ ನೇಮಕದ ಮಹತ್ವ ತಿಳಿಯುತ್ತದೆ. ಮೊದಲ ಹವಾಮಾನ ಉಪಗ್ರಹ ಟೈರೋಸ್-1 ಅಮೆರಿಕದಿಂದ ಕಕ್ಷೆಗೇರಿದ್ದು 1960ರ ಏಪ್ರಿಲ್ 1ರಂದು. ಚಂಡಮಾರುತಗಳು ಹುಟ್ಟುವ ನಡುಸಮುದ್ರದಲ್ಲಿ ವೀಕ್ಷಣಾಲಯಗಳಿಲ್ಲ. ಅಲ್ಲಿಯ ಸುದ್ದಿ ಹೇಳಲು ಹಾದುಹೋಗುವ ಹಡಗುಗಳಷ್ಟೇ ಇದ್ದವು. ಉಪಗ್ರಹ ಆ ಕೊರತೆಯನ್ನು ತುಂಬಬಲ್ಲದಾಗಿತ್ತು. ಆದರೆ ಯಂತ್ರ ಬಲ್ಲವರಿಗೆ ಮುಂಗಾರು ತಿಳಿಯದು. ಮುಂಗಾರು ಬಲ್ಲವರು ಮೋಡಗಳನ್ನು ಮೇಲಿನಿಂದ ಕಂಡವರಲ್ಲ. ಇಂಥ ಹೊತ್ತಿನಲ್ಲಿ ಸಾರಾಭಾಯಿಯವರು ಆರಿಸಿದ್ದು ಕಾಲು ಶತಮಾನ ಹವಾಮಾನ ಸೇವೆಯಲ್ಲಿ ಕಳೆದ, 58 ವರ್ಷದ ಹಿರಿಯರನ್ನು.

ಚಿತ್ರವನ್ನು ಓದುವುದು ಸುಲಭದ ಕೆಲಸವಲ್ಲ. ಬೆಳಕಿನ ಚಿತ್ರದಲ್ಲಿ ತಗ್ಗಿನ ದಟ್ಟ ಮೋಡ ಬೆಳ್ಳಗೆ ಹೊಳೆಯುತ್ತದೆ. ಶಾಖವನ್ನು ಅಳೆಯುವ ಅವಕೆಂಪು ಚಿತ್ರದಲ್ಲಿ ಅದೇ ಮೋಡ ಮಸುಕಾಗಿ, ಎತ್ತರದ ತಣ್ಣನೆಯ ಮೋಡ ಬೆಳ್ಳಗೆ ಕಾಣುತ್ತದೆ. ಹಾಗೆ ಕಂಡದ್ದು ಒಂದು ಹನಿಯೂ ಸುರಿಸದ ತೆಳುಮೋಡವೂ ಆಗಿರಬಹುದು. ಎರಡು ಚಿತ್ರಗಳನ್ನು ಹೋಲಿಸಿ, ಗಾಳಿ ಮತ್ತು ಒತ್ತಡದ ವಿವರಗಳೊಡನೆ ತಾಳೆ ನೋಡಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು. ಇದರಲ್ಲಿ ತಪ್ಪಿದರೆ ತೆರುವವರು ಕಡಲಿಗಿಳಿದ ಮೀನುಗಾರರು, ಬಿತ್ತನೆಗೆ ಕಾದ ರೈತರು.

ಪಿಷಾರಟಿಯವರಿಗೆ ದೇಶದಾದ್ಯಂತ ಹೆಸರು ತಂದದ್ದು ಮಾತ್ರ ತೆಂಗಿನ ತೋಟ. ಕೇರಳದಲ್ಲಿ ತೆಂಗಿಗೆ ತಗುಲಿದ್ದ ಬೇರು ಸೊರಗು ರೋಗವನ್ನು ಪತ್ತೆಹಚ್ಚಲು 1970ರ ಸುಮಾರಿಗೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆಸಿದರು. ಆರೋಗ್ಯವಂತ ಎಲೆ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ರೋಗ ತಗುಲಿದ ಮರ ಹಾಗಲ್ಲ. ಈ ಪ್ರಯೋಗದಿಂದಲೇ ಭಾರತದ ದೂರಸಂವೇದಿ ವಿಜ್ಞಾನ ಮೊದಲಾಯಿತೆನ್ನುತ್ತಾರೆ. 1970ರಲ್ಲೇ ಅವರಿಗೆ ಪದ್ಮಶ್ರೀ ಸಂದಿತು.

1972ರಿಂದ 1975ರವರೆಗೆ ಅಹಮದಾಬಾದಿನಲ್ಲಿ ಇಸ್ರೋದ ದೂರಸಂವೇದಿ ಹಾಗೂ ಉಪಗ್ರಹ ಹವಾಮಾನ ವಿಭಾಗವನ್ನು ಅವರು ನಿರ್ದೇಶಿಸಿದರು. ಅಲ್ಲಿ ತರುಣ ವಿಜ್ಞಾನಿಗಳ ಪಡೆಯೊಂದು ರೂಪುಗೊಂಡಿತು. ಬೆಂಗಳೂರಿನಲ್ಲಿ ಸಿದ್ಧವಾದ ಭಾಸ್ಕರ-1 ಉಪಗ್ರಹ 1979ರಲ್ಲಿ ಮೇಲೇರಿತು. 1983ರಲ್ಲಿ ಇನ್ಸಾಟ್-1ಬಿ ಉಡಾವಣೆಯಾಗಿ, ಹಾಸನದ ನಿಯಂತ್ರಣ ಕೇಂದ್ರದ ನಿಗಾದಲ್ಲಿ ದೇಶಕ್ಕೆ ತನ್ನದೇ ಮೋಡಚಿತ್ರಗಳು ನಿತ್ಯ ಲಭ್ಯವಾದವು. ಅಷ್ಟರಲ್ಲಿ ಅವನ್ನು ಓದಬಲ್ಲವರೂ ದೇಶದಲ್ಲಿದ್ದರು.

1989ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಅತ್ಯುನ್ನತ ಪ್ರಶಸ್ತಿ ಅವರಿಗೆ ದೊರೆಯಿತು. ಇಳಿವಯಸ್ಸಿನಲ್ಲಿ ಅವರ ಗಮನ ಮಳೆನೀರಿನ ಸಂರಕ್ಷಣೆಯತ್ತ ಹರಿಯಿತು. ವರ್ಷದ 8,760 ಗಂಟೆಗಳಲ್ಲಿ ನಮ್ಮ ಮಳೆಯ ಬಹುಪಾಲು ಸುಮಾರು 100 ಗಂಟೆಗಳಲ್ಲೇ ಸುರಿದು ಮುಗಿಯುತ್ತದೆ, ಆ ನೀರನ್ನು ಬಿದ್ದಲ್ಲೇ ಹಿಡಿದಿಡಬೇಕು ಎಂಬುದು ಅವರ ಪ್ರತಿಪಾದನೆಯಾಗಿತ್ತು.

ಹವಾಮಾನಕ್ಕೆಂದೇ ಇಸ್ರೋ ನಿರ್ಮಿಸಿದ ಮೊದಲ ಉಪಗ್ರಹ ಮೆಟ್‌ಸ್ಯಾಟ್ 2002ರ ಸೆಪ್ಟೆಂಬರ್ 12ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಅದಾದ ಹನ್ನೆರಡು ದಿನಗಳಿಗೆ, ಸೆಪ್ಟೆಂಬರ್ 24ರಂದು, 93ನೆಯ ವಯಸ್ಸಿನಲ್ಲಿ ಪಿಷಾರಟಿಯವರು ನಿಧನರಾದರು.