ಶಸ್ತ್ರವೈದ್ಯನಾದ ಪಿರೊಗೋವನು

ರುಷ್ಯ ದೇಶದ ನಿಕೊಲಾಯ್ ಪಿರೊಗೋವನು 1810ನೆಯ ಇಸವಿಯಲ್ಲಿ ಮಾಸ್ಕೋ ಪಟ್ಟಣದಲ್ಲಿ ಹುಟ್ಟಿದನು. ಎಳೆಯ ಪ್ರಾಯದಲ್ಲಿಯೇ ವೈದ್ಯವಿದ್ಯೆಯನ್ನು ಕಲಿತು, 26ನೆಯ ವಯಸ್ಸಿಗೆ ದೊರ್ಪಾತ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ತರುವಾಯ ರಾಜಧಾನಿಯಾಗಿದ್ದ ಪೀಟರ್ಸ್‌ಬರ್ಗಿನಲ್ಲಿಯೂ ಬೋಧಿಸಿದನು. ಆದರೆ ನಾವು ವಿಶೇಷವಾಗಿ ತಿಳಿಸಬೇಕೆಂದಿರುವುದು ಕ್ರಿಮಿಯ ಯುದ್ಧದಲ್ಲಿ ಆತನು ಮಾಡಿದ ಸೇವೆಯನ್ನು.

1854ರಲ್ಲಿ ಶತ್ರುಗಳು ಸೆವಾಸ್ತೊಪೋಲ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದಾಗ ಪಿರೊಗೋವನು ತನ್ನ ಬೋಧನಾಪೀಠವನ್ನು ಬಿಟ್ಟು ಅಲ್ಲಿಗೆ ಹೋದನು. ಗಾಯಪಟ್ಟವರನ್ನು ಗುಂಪುಗುಂಪಾಗಿ ಹೊತ್ತು ತರುತ್ತಿದ್ದರು, ವೈದ್ಯರೋ ಕೆಲವರೇ. ಗಟ್ಟಿಯಾಗಿ ಕೂಗುವವನ ಬಳಿಗೇ ಮೊದಲು ಓಡಿದರೆ, ಸುಮ್ಮನೆ ಬಿದ್ದಿರುವವನ ಗತಿ ಏನು? ಆದಕಾರಣ ಆತನು ಕತ್ತಿ ಹಿಡಿಯುವ ಮೊದಲು ಅವರನ್ನು ವಿಂಗಡಿಸಿದನು. ಕೂಡಲೇ ಶಸ್ತ್ರಕ್ರಿಯೆ ಬೇಕಾದವರು ಒಂದು ಕಡೆ, ಮರುದಿನದ ವರೆಗೆ ತಾಳಬಲ್ಲವರು ಇನ್ನೊಂದು ಕಡೆ, ಗಾಯಕ್ಕೆ ಬಟ್ಟೆ ಕಟ್ಟಿ ಕಳುಹಿಸಬಹುದಾದವರು ಬೇರೊಂದು ಕಡೆ. ಬದುಕುವ ನಿರೀಕ್ಷೆಯಿಲ್ಲದವರನ್ನು ಪಾದ್ರಿಗಳಿಗೂ ಶುಶ್ರೂಷೆಯ ಸಹೋದರಿಯರಿಗೂ ಒಪ್ಪಿಸಿದನು. ಇದು ಕಠಿಣವೆಂದು ವಾಚಕರಿಗೆ ತೋರೀತು. ನಮಗೂ ಓದಿದಾಗ ಮನಸ್ಸು ಮರುಗಿತು. ಆದರೂ ಅವರನ್ನು ಒಂಟಿಯಾಗಿ ಬಿಡಲಿಲ್ಲವೆಂಬುದನ್ನು ಗಮನಿಸಬೇಕು. ಶಿಲುಬೆಯ ಹೆಸರಿನ ಸಂಘಕ್ಕೆ ಸೇರಿದ ಆ ಸ್ತ್ರೀಯರು, ಹೆಂಗಸರಿಗೆ ದಂಡಿನಲ್ಲಿ ಏನು ಕೆಲಸವೆಂಬ ಮಾತಿಗೆ ಅಂಜದೆ, ಗಾಯಾಳುಗಳ ಮಗ್ಗುಲಲ್ಲಿ ನಿಂತರು.

ಮುರಿದ ಕೈಕಾಲುಗಳನ್ನು ಕತ್ತರಿಸಿಬಿಡದೆ, ಪ್ಲಾಸ್ಟರ್ ಕಟ್ಟುಗಳಿಂದ ಉಳಿಸಲಿಕ್ಕೆ ಪಿರೊಗೋವನು ಪ್ರಯತ್ನಿಸಿದನು. ಯುದ್ಧದಲ್ಲಿ ಕಲಿತದ್ದನ್ನು 1864ರಲ್ಲಿ ಗ್ರಂಥವಾಗಿ ಪ್ರಕಟಿಸಿ, 1881ರಲ್ಲಿ ತೀರಿಕೊಂಡನು.