ಬುಟ್ಟಿ ಕಟ್ಟಿ ಚೆಂಡಾಟ ಕಲಿಸಿದ ಮೇಷ್ಟ್ರು ನೈಸ್ಮಿತ್

ಪುತ್ತೂರು: ಒಂದು ಕಂಬ, ಒಂದು ರಿಂಗ್, ಇಬ್ಬರೇ ಆಟಗಾರರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ‘ಒನ್ ಆನ್ ಒನ್’ ಎಂದು ಕರೆಯಲಾಗುವ ಈ ಮುಖಾಮುಖಿ ಸ್ಪರ್ಧೆಗೆ ಅರ್ಧ ಅಂಕಣವೇ ಸಾಕು. ಶಾಲೆಯ ಅಂಗಳದ ಈ ಪೈಪೋಟಿ ಇಂದು ದೊಡ್ಡ ಬಹುಮಾನದ ಟೂರ್ನಿಯಾಗಿಯೂ ಬೆಳೆದಿದೆ. 2025ರ ಫೆಬ್ರುವರಿಯಲ್ಲಿ ಅಮೆರಿಕದ ‘ಅನ್‌ರೈವಲ್ಡ್’ ಮಹಿಳಾ ಲೀಗ್ ನಡೆಸಿದ ಇಂತಹ ಟೂರ್ನಿಯನ್ನು ಗೆದ್ದ ನಫೀಸಾ ಕಾಲಿಯರ್ ಅವರಿಗೆ ದೊರೆತ ಬಹುಮಾನ 2 ಲಕ್ಷ ಡಾಲರ್.

ವಿಪರ್ಯಾಸವೆಂದರೆ, ಈ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ಅವರ ಮೊದಲ ನಿಯಮಾವಳಿಯ ಪ್ರಕಾರ ಇಬ್ಬರೇ ನಿಂತು ಆಡುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಚೆಂಡು ಹಿಡಿದವನು ಓಡುವಂತಿರಲಿಲ್ಲ. ನಿಂತಲ್ಲಿಂದಲೇ ಬುಟ್ಟಿಗೆ ಎಸೆಯಬೇಕಿತ್ತು, ಇಲ್ಲವೇ ಜೊತೆಗಾರನಿಗೆ ಕೊಡಬೇಕಿತ್ತು. ಜೊತೆಗಾರನೇ ಇಲ್ಲದಿದ್ದರೆ ಆಟವೆಲ್ಲಿ?

ಅನಾಥ ಬಾಲಕ

ನೈಸ್ಮಿತ್ ಜನಿಸಿದ್ದು 1861ರ ನವೆಂಬರ್ 6ರಂದು, ಕೆನಡಾದ ಆಲ್ಮಾಂಟ್ ಬಳಿ. 1870ರಲ್ಲಿ ವಿಷಮಶೀತ ಜ್ವರ ತಂದೆ-ತಾಯಿ ಇಬ್ಬರನ್ನೂ ಬಲಿ ತೆಗೆದುಕೊಂಡಿತು. ಮುಂದೆ ಸೋದರಮಾವ ಪೀಟರ್ ಯಂಗ್ ಅವರ ಆಶ್ರಯದಲ್ಲಿ ಬೆಳೆದ ಬಾಲಕ, ಶಾಲೆ ಬಿಟ್ಟು ಮರ ಕಡಿಯುವ ಕೆಲಸಕ್ಕೂ ಸೇರಿದ್ದುಂಟು. ಕೆಲವು ವರ್ಷಗಳ ಬಳಿಕ ಮತ್ತೆ ಪುಸ್ತಕ ಹಿಡಿದು ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. 1890ರಲ್ಲಿ ಧರ್ಮಶಾಸ್ತ್ರದ ಅಧ್ಯಯನವನ್ನೂ ಮುಗಿಸಿದರು. ಪಾದ್ರಿಯಾಗಬೇಕಿದ್ದವರು ಆಟದ ಮೂಲಕವೂ ಯುವಜನರ ನಡತೆಯನ್ನು ತಿದ್ದಬಹುದೆಂದು ನಂಬಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯನ್ನು ಸೇರಿದರು.

ಹದಿನಾಲ್ಕು ದಿನಗಳ ಗಡುವು

1891ರ ಚಳಿಗಾಲ. ಹೊರಗೆ ಹಿಮ, ಒಳಗೆ ಕವಾಯತಿನಿಂದ ಬೇಸತ್ತ 18 ವಿದ್ಯಾರ್ಥಿಗಳು. ಈ ತರಗತಿಯನ್ನು ಹಿಡಿತಕ್ಕೆ ತರಲಾಗದೆ ಇಬ್ಬರು ಶಿಕ್ಷಕರು ಆಗಲೇ ಕೈಚೆಲ್ಲಿದ್ದರು. ಒಳಾಂಗಣಕ್ಕೆ ಹೊಂದುವ ಹೊಸ ಆಟವೊಂದನ್ನು ಹುಡುಕಲು ವಿಭಾಗದ ಮುಖ್ಯಸ್ಥ ಲೂಥರ್ ಗುಲಿಕ್ ಅವರು ನೈಸ್ಮಿತ್‌ಗೆ 14 ದಿನಗಳ ಕಾಲಾವಕಾಶ ನೀಡಿದರು.

ಫುಟ್‌ಬಾಲ್‌ನಂತಹ ಆಟಗಳನ್ನು ಒಳಗೆ ಆಡಿಸಿದಾಗ ಮೈಗೆ ಮೈ ತಾಗಿ ಗಾಯಗಳಾಗುತ್ತಿದ್ದವು. ಚೆಂಡು ಹಿಡಿದು ಓಡುವುದನ್ನೇ ನಿಷೇಧಿಸಿದರೆ ಕೆಡವುವ ಅಗತ್ಯವೂ ಇರದು ಎಂದು ನೈಸ್ಮಿತ್ ಲೆಕ್ಕ ಹಾಕಿದರು. ಬಾಲ್ಯದಲ್ಲಿ ಬಂಡೆಯ ಮೇಲಿಟ್ಟ ಕಲ್ಲನ್ನು ಇನ್ನೊಂದು ಕಲ್ಲೆಸೆದು ಉರುಳಿಸುವ ಆಟವನ್ನು ಅವರು ಆಡಿದ್ದರು. ನಮ್ಮ ಲಗೋರಿಯನ್ನು ನೆನಪಿಸುವ ಆ ಆಟದಲ್ಲಿ ಬಿರುಸಾಗಿ ಬೀಸಿದವನಿಗಿಂತ ಕಮಾನಿನಂತೆ ಮೇಲಕ್ಕೆ ತೂರಿದವನೇ ಗೆಲ್ಲುತ್ತಿದ್ದ. ಗುರಿಯನ್ನು ತಲೆಗಿಂತ ಎತ್ತರದಲ್ಲಿ, ಬಾಯಿ ಮೇಲಾಗಿ ಇಟ್ಟರೆ ಬಲಕ್ಕಿಂತ ಜಾಣ್ಮೆಗೆ ಬೆಲೆ ಬರುತ್ತದೆ ಎಂಬ ಯೋಚನೆ ಮೂಡಿದ್ದು ಅಲ್ಲಿಂದಲೇ.

ಅವರು ಪೆಟ್ಟಿಗೆಗಳನ್ನು ಕೇಳಿದರೆ ಶಾಲೆಯ ನೌಕರ ತಂದುಕೊಟ್ಟದ್ದು ಪೀಚ್ ಹಣ್ಣಿನ ಎರಡು ಬುಟ್ಟಿ. ಅವುಗಳನ್ನು ಮೊಳೆ ಹೊಡೆದು ನಿಲ್ಲಿಸಿದ ಮೊಗಸಾಲೆಯ ಎತ್ತರ 10 ಅಡಿ. ರಿಂಗ್‌ನ ಎತ್ತರ ಇಂದಿಗೂ ಅಷ್ಟೇ. 13 ನಿಯಮಗಳೊಂದಿಗೆ, ತಂಡಕ್ಕೆ ಒಂಬತ್ತು ಮಂದಿಯಂತೆ 1891ರ ಡಿಸೆಂಬರ್ 21ರಂದು ನಡೆದ ಮೊದಲ ಪಂದ್ಯ 1–0ಯಿಂದ ಮುಗಿಯಿತು.

ಆಟಗಾರರು ತೆರೆದ ಬಾಗಿಲು

ನಿಯಮದ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಆಟಗಾರರೇ ಕಂಡುಕೊಂಡರು. ಎದುರಾಳಿ ಅಡ್ಡಗಟ್ಟಿದಾಗ ಚೆಂಡನ್ನು ಕೈಬಿಟ್ಟು, ನೆಲಕ್ಕೆ ಪುಟಿಸಿ ತಾವೇ ಮತ್ತೆ ಹಿಡಿಯತೊಡಗಿದರು. ‘ಡ್ರಿಬ್ಲಿಂಗ್’ ಹುಟ್ಟಿದ್ದು ಹೀಗೆ. ತನ್ನ ನಿಯಮವನ್ನು ಮೀರಿದರೆಂದು ನೈಸ್ಮಿತ್ ಮುನಿಯಲಿಲ್ಲ. ಅದನ್ನು ಆಟದ ಸೊಗಸಾದ ಚಲನೆಗಳಲ್ಲೊಂದೆಂದು ಮೆಚ್ಚಿಕೊಂಡರು. ಒಬ್ಬನೇ ಚೆಂಡಿನೊಂದಿಗೆ ಮುನ್ನುಗ್ಗಲು, ಅಂದರೆ ಒಬ್ಬರ ವಿರುದ್ಧ ಒಬ್ಬರು ಸೆಣಸಲು ಸಾಧ್ಯವಾದದ್ದು ಆ ಬದಲಾವಣೆಯಿಂದ.

ಸೋತ ತರಬೇತುದಾರ

1898ರಲ್ಲಿ ವೈದ್ಯಕೀಯ ಪದವಿಯನ್ನೂ ಗಳಿಸಿ ನೈಸ್ಮಿತ್ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ 1907ರವರೆಗೆ ಅವರ ತಂಡ ಗೆದ್ದದ್ದು 55 ಪಂದ್ಯ, ಸೋತದ್ದು 60. ಆ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತರಬೇತುದಾರರಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಿರುವುದು ಆಟವನ್ನು ಕಟ್ಟಿದ ಇವರೊಬ್ಬರಿಗೇ! ಅಂಕಪಟ್ಟಿಗಿಂತ ವಿದ್ಯಾರ್ಥಿಗಳ ದೇಹ, ಮನಸ್ಸುಗಳ ಬೆಳವಣಿಗೆ ಅವರಿಗೆ ಮುಖ್ಯವಾಗಿತ್ತು. 1930ರ ದಶಕದಲ್ಲಿ ಕಪ್ಪು ವರ್ಣೀಯನೆಂಬ ಕಾರಣಕ್ಕೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಲಾಗದ ಜಾನ್ ಮೆಕ್ಲೆಂಡನ್ ಅವರಿಗೆ ನೈಸ್ಮಿತ್ ಮಾರ್ಗದರ್ಶಕರಾದರು. ಆ ಶಿಷ್ಯ ಮುಂದೆ ಅಮೆರಿಕದ ಪ್ರಸಿದ್ಧ ತರಬೇತುದಾರರಲ್ಲಿ ಒಬ್ಬರೆನಿಸಿದರು.

ಆಟದಿಂದ ಹಣ ಮಾಡಲು ನೈಸ್ಮಿತ್ ಹೊರಡಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಅವರನ್ನು ಕಳುಹಿಸಲು ತರಬೇತುದಾರರ ಸಂಘ ಹಣ ಸಂಗ್ರಹಿಸಬೇಕಾಯಿತು. ಬಯಲಿನಲ್ಲಿ ಸುರಿವ ಮಳೆಯ ನಡುವೆಯೇ ನಡೆದ ಫೈನಲ್‌ನಲ್ಲಿ ಅಮೆರಿಕ 19–8ರಿಂದ ಕೆನಡಾವನ್ನು ಮಣಿಸಿತು. ಕೆಸರಿನಲ್ಲಿ ಚೆಂಡು ಪುಟಿಯದೆ ಆಟಗಾರರು ಕೈಯಿಂದ ಕೈಗೆ ಪಾಸ್ ಮಾಡುತ್ತಲೇ ಆಡಿದರು. ಆಟ ಅಂದು ತನ್ನ ಮೊದಲ ರೂಪಕ್ಕೆ ಮರಳಿತ್ತು. 1939ರ ನವೆಂಬರ್ 28ರಂದು, 78ನೇ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು.

ಮಳೆನಾಡಿಗೂ ಸಲ್ಲುವ ಆಟ

ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಇಂದಿನ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ನೆಲ 1956ರವರೆಗೂ ಅದೇ ಮದ್ರಾಸ್ ಆಡಳಿತಕ್ಕೆ ಒಳಪಟ್ಟಿತ್ತು. ಕಬಡ್ಡಿ, ವಾಲಿಬಾಲ್‌ಗಳಿಗೆ ಮನಸೋತ ಈ ಸೀಮೆಯಲ್ಲಿ ಜೂನ್ ಬಂತೆಂದರೆ ಮೈದಾನಗಳು ಕೆಸರುಗದ್ದೆಗಳಾಗುತ್ತವೆ. ಅಲ್ಲಿ ಹಿಮ, ಇಲ್ಲಿ ಮಳೆ. ತೊಡಕು ಮಾತ್ರ ಒಂದೇ. ಸೂರಿನ ಕೆಳಗೆ ಒಂದು ರಿಂಗ್, ಒಂದು ಚೆಂಡು, ಎದುರಿಗೊಬ್ಬ ಜೊತೆಗಾರ ಇದ್ದರೆ ಮಳೆಗಾಲದಲ್ಲೂ ಆಟ ನಿಲ್ಲಬೇಕಿಲ್ಲ. ಪೈಪೋಟಿ ಎಷ್ಟೇ ಬಿರುಸಾಗಿದ್ದರೂ ಎದುರಾಳಿಯ ಮೈಗೆ ನೋವಾಗಬಾರದೆಂಬ ನೈಸ್ಮಿತ್ ಅವರ ಮೂಲ ಆಶಯ ಇಬ್ಬರ ಆಟಕ್ಕೂ ಅಷ್ಟೇ ಸಲ್ಲುತ್ತದೆ.