ಕಾಯಕದೊಳಗಿನ ದಾಸೋಹ: ಜಮಶೇಟಜಿ ಟಾಟಾ ಅವರ ಜೀವನ

ಕಾಯಕ ಮತ್ತು ದಾಸೋಹಗಳು ಶರಣಧರ್ಮದ ಎರಡು ಕಣ್ಣುಗಳೆಂಬುದನ್ನು ನಮ್ಮಲ್ಲಿ ಅರಿಯದವರಿಲ್ಲ. ಆದರೆ ಗೃಹಸ್ಥರಾದವರಲ್ಲಿ ಅನೇಕರು ಇವೆರಡನ್ನು ಬೇರೆ ಬೇರೆ ಸ್ಥಳದಲ್ಲಿ, ಬೇರೆ ಬೇರೆ ವೇಳೆಯಲ್ಲಿ ಆಚರಿಸತಕ್ಕ ಕರ್ಮಗಳೆಂದು ಭಾವಿಸಿದ್ದಾರೆ. ಅಂಗಡಿಯಲ್ಲಿ ಕುಳಿತಾಗ ಗಳಿಸುವುದು, ಮಠಕ್ಕೆ ಬಂದಾಗ ಕೊಡುವುದು ಎಂಬುದು ಅವರ ಲೆಕ್ಕ. ತಕ್ಕಡಿಯಲ್ಲಿ ಕೂಲಿಯವನ ಪಾಲನ್ನು ಕಡಿಮೆ ಮಾಡಿ, ಜಾತ್ರೆಯ ದಿನ ಅನ್ನದಾಸೋಹಕ್ಕೆ ಹತ್ತು ಚೀಲ ಅಕ್ಕಿ ಕಳುಹಿಸಿದರೆ ಎರಡೂ ಸರಿದೂಗಿದವೆಂದು ತಿಳಿಯುವವರೂ ಇಲ್ಲದಿಲ್ಲ. ಶರಣರ ಮತವು ಇದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನವರು ಅದರಿಂದ ದಾಸೋಹ ನಡೆಸಲು ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ದ್ರವ್ಯವು ಬರುವ ದಾರಿಯು ಶುದ್ಧವಾಗದೆ, ಅದು ಹೋಗುವ ದಾರಿಯು ಶುದ್ಧವಾಗಲಾರದೆಂಬುದೇ ಆ ತಾಯಿಯ ತೀರ್ಪು.

ಈ ತೀರ್ಪನ್ನು ದೊಡ್ಡ ಬಂಡವಾಳದ, ಸಾವಿರಾರು ಕೂಲಿಗಳ ವ್ಯವಹಾರಕ್ಕೆ ಅನ್ವಯಿಸುವುದು ಸಾಧ್ಯವೇ ಎಂಬ ಪ್ರಶ್ನೆಯನ್ನು ವ್ಯಾಪಾರಸ್ಥರಾದ ಭಕ್ತರು ಆಗಾಗ ಕೇಳುವುದುಂಟು. ಅದಕ್ಕೆ ಉತ್ತರವಾಗಿ ಜಮಶೇಟಜಿ ನಸರವಾನಜಿ ಟಾಟಾ ಅವರ ಜೀವನವನ್ನು ಇಲ್ಲಿ ಸಂಗ್ರಹಿಸಿ ನಿರೂಪಿಸಲಾಗಿದೆ. ಅವರು ಶರಣಮಾರ್ಗದವರಲ್ಲ, ಅಗ್ನಿಯನ್ನು ಪವಿತ್ರವೆಂದು ಆರಾಧಿಸುವ ಜರತುಷ್ಟ್ರ ಮತದ ಪಾರಸಿಗಳು. ಆದರೂ ಸದಾಚಾರವು ಎಲ್ಲಿ ಕಂಡರೂ ಅದನ್ನು ಗೌರವಿಸುವುದು ನಮ್ಮ ಧರ್ಮವಾಗಿದೆ.

ಜಮಶೇಟಜಿಯವರು 1839ನೆಯ ಇಸವಿ ಮಾರ್ಚ್ 3ರಂದು ಗುಜರಾತಿನ ನವಸಾರಿಯಲ್ಲಿ ಜನಿಸಿದರು. ಅವರದು ತಲೆತಲಾಂತರದಿಂದ ಪೌರೋಹಿತ್ಯವನ್ನು ನಡೆಸಿಬಂದ ಮನೆತನ. ತಂದೆ ನಸರವಾನಜಿಯವರು ಕುಲವೃತ್ತಿಯನ್ನು ಬಿಟ್ಟು ಮುಂಬಯಿಗೆ ಬಂದು ವ್ಯಾಪಾರಕ್ಕೆ ತೊಡಗಿದರು. ಮಗನು ಎಲ್‌ಫಿನ್‌ಸ್ಟನ್ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಗಿಸಿ 1858ರಲ್ಲಿ ಹೊರಬಂದು, ಮರುವರ್ಷ ತಂದೆಯ ವ್ಯಾಪಾರದ ಶಾಖೆಯನ್ನು ಬೆಳೆಸುವುದಕ್ಕಾಗಿ ಹಾಂಗ್‌ಕಾಂಗಿಗೆ ತೆರಳಿದನು. ಆ ಕಾಲದಲ್ಲಿ ಮುಂಬಯಿಯ ವರ್ತಕರು ಚೀನಕ್ಕೆ ಕಳುಹಿಸುತ್ತಿದ್ದ ಸರಕುಗಳಲ್ಲಿ ಹತ್ತಿಯೊಡನೆ ಅಫೀಮೂ ಸೇರಿತ್ತು. ಟಾಟಾ ಮನೆತನದ ವ್ಯಾಪಾರವೂ ಇದಕ್ಕೆ ಹೊರತಾಗಿರಲಿಲ್ಲ. ಅಂದಿನ ಸರ್ಕಾರದ ಕಾನೂನಿಗೆ ಅದು ಸಮ್ಮತವಾಗಿದ್ದಿತಾದರೂ, ಲಕ್ಕಮ್ಮನವರ ಒರೆಗಲ್ಲಿಗೆ ಅದು ನಿಲ್ಲತಕ್ಕ ದ್ರವ್ಯವಲ್ಲ. ಮಹನೀಯರ ಚರಿತ್ರೆಯನ್ನು ಹೇಳುವಾಗ ಇಂತಹ ಸಂಗತಿಯನ್ನು ಮುಚ್ಚಿಡುವುದು ತರವಲ್ಲ. ಅವರ ಮುಂದಿನ ಬಾಳಿನ ದಾರಿಯನ್ನು ಅಳೆಯುವುದಕ್ಕೂ ಇದನ್ನು ಅರಿತಿರುವುದು ಅವಶ್ಯಕ.

ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಿಂದ ಆ ದೇಶದ ಹತ್ತಿಯು ಇಂಗ್ಲೆಂಡಿಗೆ ಬರುವುದು ಕುಂಠಿತವಾಗಿ, ನಮ್ಮ ದೇಶದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಮುಂಬಯಿಯಲ್ಲಿ ಜನರು ಹುಚ್ಚೆದ್ದು ಸಟ್ಟಾ ವ್ಯಾಪಾರಕ್ಕೆ ಬಿದ್ದರು. ಯುದ್ಧವು ಮುಗಿದೊಡನೆ ಬೆಲೆಗಳು ಕುಸಿದು, ಕೋಟ್ಯಧೀಶರು ಒಂದೇ ವರ್ಷದಲ್ಲಿ ನಿರ್ಗತಿಕರಾದರು. ಆಗ ಜಮಶೇಟಜಿಯವರು ಲಂಡನ್ನಿನಲ್ಲಿದ್ದರು. ಅವರು ಕೊಂಡೊಯ್ದಿದ್ದ ಹುಂಡಿಗಳು ಬರಿಯ ಕಾಗದಗಳಾದವು. ಪರದೇಶದಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಸಾಲಗಾರರ ನಡುವೆ ನಿಂತ ಆ ತರುಣನು ಓಡಿಹೋಗಲಿಲ್ಲ, ಸುಳ್ಳು ಲೆಕ್ಕಗಳನ್ನು ತೋರಿಸಲಿಲ್ಲ. ತಮ್ಮ ಮನೆತನದ ನಿಜಸ್ಥಿತಿಯನ್ನು ಎಲ್ಲರ ಮುಂದೆ ಬಿಚ್ಚಿಟ್ಟನು. ಹಣ ಕೊಟ್ಟವರು ಇದನ್ನು ಮೆಚ್ಚಿ, ಆ ಸಾಲಗಳನ್ನು ತೀರಿಸುವ ವ್ಯವಸ್ಥೆಯ ಭಾರವನ್ನು ಅವನಿಗೇ ಒಪ್ಪಿಸಿದರು. ಧನವು ಹೋದಮೇಲೂ ಮಾತು ಉಳಿಯುವುದೆಂಬ ಪಾಠವು ಹೀಗೆ ಅವರಿಗೆ ಯೌವನದಲ್ಲಿಯೇ ದೊರೆಯಿತು.

ಕಾಲಾಂತರದಲ್ಲಿ ಮನೆತನವು ಚೇತರಿಸಿಕೊಂಡಿತು. 1869ರಲ್ಲಿ ಜಮಶೇಟಜಿಯವರು ಮುಂಬಯಿಯ ಚಿಂಚಪೋಕಳಿಯಲ್ಲಿ ದಿವಾಳಿಯೆದ್ದ ಎಣ್ಣೆಯ ಗಿರಣಿಯೊಂದನ್ನು ಕೊಂಡು, ಅದನ್ನು ಹತ್ತಿಯ ಗಿರಣಿಯನ್ನಾಗಿ ಮಾರ್ಪಡಿಸಿ, ಕೆಲಕಾಲದ ನಂತರ ಲಾಭಕ್ಕೆ ಮಾರಿದರು. ಬಳಿಕ ಇಂಗ್ಲೆಂಡಿನ ಲ್ಯಾಂಕಾಶೈರಿಗೆ ಹೋಗಿ ನೂಲುವ, ನೇಯುವ ವಿದ್ಯೆಯನ್ನು ಮೂಲದಿಂದ ಪರಿಶೀಲಿಸಿದರು. ನಮ್ಮ ಹೊಲದ ಹತ್ತಿಯು ಸಮುದ್ರವನ್ನು ದಾಟಿ ಹೋಗಿ, ಬಟ್ಟೆಯಾಗಿ ಮರಳಿ ಬಂದು, ನಮ್ಮ ನೇಕಾರನ ಅನ್ನವನ್ನೇ ಕಿತ್ತುಕೊಳ್ಳುತ್ತಿದ್ದ ಕಾಲವದು. ಎಲ್ಲರೂ ಮುಂಬಯಿಯಲ್ಲಿ ಗಿರಣಿಗಳನ್ನು ಕಟ್ಟುತ್ತಿದ್ದಾಗ, ಇವರು ಹತ್ತಿ ಬೆಳೆಯುವ ನಾಡಿನ ನಡುವೆ ಇರುವ ನಾಗಪುರವನ್ನು ಆರಿಸಿಕೊಂಡರು. 1874ರಲ್ಲಿ 15 ಲಕ್ಷ ರೂಪಾಯಿಗಳ ಬಂಡವಾಳದಿಂದ ಸಂಸ್ಥೆಯನ್ನು ಸ್ಥಾಪಿಸಿದರು. ಜೌಗು ನೆಲಕ್ಕೆ ಮಣ್ಣು ತುಂಬಿಸುತ್ತಿದ್ದುದನ್ನು ಕಂಡು, ಸ್ಥಳೀಕ ಸಾಹುಕಾರನೊಬ್ಬನು ಇವರು ಹಣವನ್ನು ನೆಲದಲ್ಲಿ ಹೂಳುತ್ತಿದ್ದಾರೆಂದು ಭಾವಿಸಿ ಸಾಲವನ್ನು ನಿರಾಕರಿಸಿದನೆಂದೂ, ಮುಂದೆ ತನ್ನ ಎಣಿಕೆ ತಪ್ಪಾಯಿತೆಂದು ಒಪ್ಪಿಕೊಂಡನೆಂದೂ ಹೇಳುತ್ತಾರೆ. 1877ರ ಜನವರಿ 1ರಂದು ಗಿರಣಿಯು ಆರಂಭವಾಯಿತು. ಅಂದೇ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸಲಾದುದರಿಂದ, ಅದಕ್ಕೆ ಎಂಪ್ರೆಸ್ ಗಿರಣಿಯೆಂಬ ಹೆಸರು ಬಂದಿತು.

ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕಾದುದು ಈ ಗಿರಣಿಯೊಳಗಿನ ನಡೆಯನ್ನು. ಆರಂಭದಲ್ಲಿ ಕೂಲಿಗಳು ನೆಟ್ಟಗೆ ಕೆಲಸಕ್ಕೆ ಬರುತ್ತಿರಲಿಲ್ಲ. ಗಿರಣಿಯ ಶಿಸ್ತಿಗೆ ಹೊಸಬರಾದ ಅವರಿಗೆ ಹಬ್ಬ ಬಂದರೆ, ಮದುವೆ ಬಂದರೆ, ಮೈ ಬೇಸರವಾದರೆ ಅಂದು ರಜೆ. ಇಂತಹ ಸಂದರ್ಭದಲ್ಲಿ ದಂಡ ಹಾಕುವುದು, ಕೂಲಿ ಹಿಡಿಯುವುದು, ಕೆಲಸದಿಂದ ಬಿಡಿಸುವುದು ಲೋಕದ ರೂಢಿ. ಜಮಶೇಟಜಿಯವರು ಬೇರೆ ದಾರಿಯನ್ನು ಹಿಡಿದರು. ತಪ್ಪದೆ ಬರುವವರಿಗೆ ಬಹುಮಾನಗಳನ್ನು ಕೊಡುವ ಪದ್ಧತಿಯನ್ನು ತಂದರು. ನೂಲಿನ ಧೂಳಿನಿಂದಲೂ ಸೆಕೆಯಿಂದಲೂ ಉಸಿರು ಕಟ್ಟುತ್ತಿದ್ದ ಕೊಠಡಿಗಳಲ್ಲಿ ಗಾಳಿಯು ಆಡುವಂತೆಯೂ, ತೇವವು ಹದವಾಗಿ ಉಳಿಯುವಂತೆಯೂ ಯಂತ್ರಗಳನ್ನು ಕೂಡಿಸಿದರು. ಬೆಂಕಿ ಹತ್ತಿದೊಡನೆ ತಾನಾಗಿ ನೀರು ಚಿಮ್ಮುವ ಸಾಧನಗಳನ್ನು ಇರಿಸಿದರು. 1886ರಲ್ಲಿ ನಿವೃತ್ತಿವೇತನದ ನಿಧಿಯನ್ನು ಆರಂಭಿಸಿದರು. 1895ರಲ್ಲಿ, ಯಂತ್ರಕ್ಕೆ ಸಿಕ್ಕಿ ಗಾಯಗೊಂಡವರಿಗೆ ಪರಿಹಾರ ಕೊಡುವ ನಿಯಮವನ್ನು ಮಾಡಿದರು. ಕೆಲಸಗಾರನು ಗಾಯಗೊಂಡರೆ ಯಜಮಾನನು ಪರಿಹಾರವನ್ನು ಕೊಡಬೇಕೆಂಬ ಕಾಯಿದೆಯು ನಮ್ಮ ದೇಶದಲ್ಲಿ ಬಂದುದು 1923ರಲ್ಲಿ. ಕಾಯಿದೆಯು ಬರುವುದಕ್ಕೆ ಇಪ್ಪತ್ತೆಂಟು ವರ್ಷ ಮೊದಲೇ ಆ ಗಿರಣಿಯಲ್ಲಿ ಅದು ಆಚಾರವಾಗಿತ್ತು.

ಇವುಗಳಲ್ಲಿ ಯಾವುದನ್ನೂ ಅವರು ದಾನವೆಂದು ಲೆಕ್ಕದಲ್ಲಿ ಬರೆಯಲಿಲ್ಲ. ಪಾಲುದಾರರ ಹಿತದಷ್ಟೇ ಕೆಲಸಗಾರರ ಆರೋಗ್ಯ ಮತ್ತು ಕ್ಷೇಮಗಳು ವ್ಯಾಪಾರಕ್ಕೆ ಬುನಾದಿಯೆಂದು ಅವರು ತಿಳಿದಿದ್ದರು. ಕೂಲಿಯವನಿಗೆ ಸಲ್ಲಬೇಕಾದುದು ಲಾಭವನ್ನು ಎಣಿಸಿದ ಮೇಲೆ ಮಿಗುವ ಪಾಲಲ್ಲ, ಲಾಭವನ್ನು ಎಣಿಸುವ ಮುನ್ನವೇ ತೆಗೆದಿಡಬೇಕಾದ ಪಾಲು. ದಾಸೋಹವು ಕಾಯಕದ ಒಳಗೆ ಇರುವುದೆಂದರೆ ಇದೇ. ಹಾಗೆಂದು ಆ ಗಿರಣಿಯು ಕೈಲಾಸವಾಗಿತ್ತೆಂದು ಭಾವಿಸಬಾರದು. ಬೆಳಗಿನಿಂದ ಬೈಗಿನವರೆಗೆ ದುಡಿಯುವುದು ಅಂದಿನ ಗಿರಣಿಗಳ ಸಾಮಾನ್ಯ ಸ್ಥಿತಿಯಾಗಿತ್ತು. ದಿನಕ್ಕೆ ಎಂಟು ಗಂಟೆಗಳ ದುಡಿಮೆಯೆಂಬುದು ಟಾಟಾ ಅವರ ಉಕ್ಕಿನ ಕಾರ್ಖಾನೆಯಲ್ಲಿ ಜಾರಿಗೆ ಬಂದುದು 1912ರಲ್ಲಿ, ಅವರು ಕಾಲವಾದ ಎಂಟು ವರ್ಷಗಳ ನಂತರ.

1886ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಕೆಟ್ಟು ನಿಂತಿದ್ದ ಗಿರಣಿಯೊಂದನ್ನು ಕೊಂಡು, ಅದಕ್ಕೆ ಸ್ವದೇಶಿ ಎಂಬ ಹೆಸರನ್ನಿಟ್ಟರು. ಬಂಗಾಳದ ವಿಭಜನೆಯ ಕಾಲದ ಸ್ವದೇಶಿ ಚಳವಳಿಗೆ ಇನ್ನೂ ಹತ್ತೊಂಬತ್ತು ವರ್ಷಗಳಿದ್ದವು. ಯಂತ್ರಗಳು ಹಳೆಯವಾಗಿದ್ದುದರಿಂದ ಗಿರಣಿಯು ನಷ್ಟಕ್ಕೆ ಬಿದ್ದಿತು. ಪಾಲುಗಳ ಬೆಲೆ ಇಳಿಯಿತು. ಅದನ್ನು ಮುಚ್ಚಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆದರೆ ತಮ್ಮ ಹೆಸರನ್ನು ನಂಬಿ ಹಣ ಹೂಡಿದವರನ್ನು ನಡುನೀರಿನಲ್ಲಿ ಬಿಡಲಾರದೆ, ಲಾಭ ತರುತ್ತಿದ್ದ ಎಂಪ್ರೆಸ್ ಗಿರಣಿಯ ತಮ್ಮ ಸ್ವಂತ ಪಾಲುಗಳನ್ನು ಮಾರಿ ಇದರಲ್ಲಿ ಸುರಿದರು. ಕೆಲವು ವರ್ಷಗಳಲ್ಲಿ ಅದು ತಲೆಯೆತ್ತಿ ನಿಂತಿತು.

ಅವರ ಕೊಡುಗೆಯ ರೀತಿಯೂ ವಿಚಾರಾರ್ಹವಾದುದು. 1892ರಲ್ಲಿ ಅವರು ಉಚ್ಚವ್ಯಾಸಂಗಕ್ಕಾಗಿ ಪರದೇಶಗಳಿಗೆ ಹೋಗುವ ತರುಣರಿಗೆಂದು ಒಂದು ನಿಧಿಯನ್ನು ಸ್ಥಾಪಿಸಿದರು. ಮೊದಲು ಪಾರಸಿಗಳಿಗೆ ಮಾತ್ರ ಮೀಸಲಾಗಿದ್ದ ಅದು ಎರಡು ವರ್ಷಗಳಲ್ಲಿ ಎಲ್ಲ ಜಾತಿಮತಗಳವರಿಗೂ ತೆರೆಯಿತು. ಅದರಲ್ಲಿ ಕೊಡುತ್ತಿದ್ದುದು ಭಿಕ್ಷೆಯನ್ನಲ್ಲ, ಸಾಲವನ್ನು. ಓದಿ ಬಂದವನು ದುಡಿದು ತೀರಿಸಿದ ಹಣದಿಂದ ಮತ್ತೊಬ್ಬನು ಓದಲು ಹೋಗುವನು. ಪಡೆದವನ ಮಾನವೂ ಉಳಿಯಿತು, ನಿಧಿಯ ನೀರೂ ಬತ್ತಲಿಲ್ಲ. ಮುಂದೆ ನಮ್ಮ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಅವರೂ ಇದೇ ನಿಧಿಯ ನೆರವಿನಿಂದ ಲಂಡನ್ನಿನಲ್ಲಿ ವ್ಯಾಸಂಗ ಮಾಡಿದವರು.

ಕನ್ನಡ ನಾಡಿಗೂ ಅವರಿಗೂ ಇರುವ ಬಾಂಧವ್ಯವು ಎರಡು ಬಗೆಯದು. ಟೀಪು ಸುಲ್ತಾನನ ಕಾಲದಿಂದ ಮೈಸೂರು ಸೀಮೆಯಲ್ಲಿದ್ದ ರೇಷ್ಮೆಯ ಕಸುಬು ಕ್ಷೀಣಿಸಿದ್ದುದನ್ನು ಕಂಡು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಬಸವನಗುಡಿಯ ಬಳಿ ಜಪಾನೀ ತಜ್ಞರನ್ನು ಕರೆಸಿ, ಹುಳು ಸಾಕುವ, ನೂಲು ತೆಗೆಯುವ ಹೊಸ ಕ್ರಮವನ್ನು ಸ್ಥಳೀಕರಿಗೆ ಕಲಿಸುವ ಏರ್ಪಾಡು ಮಾಡಿದರು. ಆ ಪ್ರದೇಶವನ್ನು ಟಾಟಾ ಸಿಲ್ಕ್ ಫಾರ್ಮ್ ಎಂದು ಇಂದಿಗೂ ಕರೆಯುತ್ತಾರೆ. ಎರಡನೆಯದು ವಿಜ್ಞಾನ ಮಂದಿರ. 1898ರಲ್ಲಿ ಅವರು ಮುಂಬಯಿಯ ತಮ್ಮ ಆಸ್ತಿಗಳಲ್ಲಿ ಸುಮಾರು 30 ಲಕ್ಷ ರೂಪಾಯಿ ಬೆಲೆಯುಳ್ಳವನ್ನು ಉಚ್ಚ ಸಂಶೋಧನೆಯ ವಿದ್ಯಾಲಯಕ್ಕಾಗಿ ಕೊಡಲು ಮುಂದೆ ಬಂದರು. ವೈಸರಾಯರಾದ ಕರ್ಜನ್ ಅವರಿಗೆ, ಇಂತಹ ವಿದ್ಯಾಲಯಕ್ಕೆ ತಕ್ಕ ವಿದ್ಯಾರ್ಥಿಗಳು ಸಿಕ್ಕುವರೇ, ಅವರು ಕಲಿತರೆ ಉದ್ಯೋಗವು ದೊರಕುವುದೇ ಎಂಬ ಸಂದೇಹ. ರಸಾಯನಶಾಸ್ತ್ರಜ್ಞರಾದ ವಿಲಿಯಂ ರ‍್ಯಾಮ್ಸೆ ಅವರು ದೇಶವನ್ನು ಸುತ್ತಿ ನೋಡಿ, ಬೆಂಗಳೂರೇ ಯೋಗ್ಯ ಸ್ಥಳವೆಂದು ಸೂಚಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ಕೊಟ್ಟಿತು. ಪತ್ರವ್ಯವಹಾರದಲ್ಲಿಯೇ ವರ್ಷಗಳು ಉರುಳಿ, ಸರ್ಕಾರದ ಆಜ್ಞೆಯು ಹೊರಟುದು 1909ರ ಮೇ 27ರಂದು. ವಿದ್ಯಾರ್ಥಿಗಳು ಪ್ರವೇಶಿಸಿದುದು 1911ರಲ್ಲಿ. ಅದನ್ನು ನೋಡಲು ದಾತೃವು ಬದುಕಿರಲಿಲ್ಲ. ಸಂಸ್ಥೆಗೆ ತಮ್ಮ ಹೆಸರನ್ನು ಇಡುವುದನ್ನೂ ಅವರು ಬಯಸಿರಲಿಲ್ಲ. ಆದರೂ ಬೆಂಗಳೂರಿನ ಜನರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದರು.

ಜಮಶೇಟಜಿಯವರು 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್ ಎಂಬ ಊರಿನಲ್ಲಿ ದೇಹಬಿಟ್ಟರು. ಇಂಗ್ಲೆಂಡಿನ ಬ್ರುಕ್‌ವುಡ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಉಕ್ಕಿನ ಕಾರ್ಖಾನೆಯೂ ಆಗ ಇನ್ನೂ ಕನಸಾಗಿಯೇ ಇದ್ದಿತು. ಆದರೆ ಅದಿರು ಎಲ್ಲಿಯೆಂಬುದು ಗೊತ್ತಾಗುವ ಮುಂಚೆಯೇ, 1902ರಲ್ಲಿ ಮಗ ದೊರಾಬಜಿಗೆ ಬರೆದ ಪತ್ರದಲ್ಲಿ, ಕೆಲಸಗಾರರ ಊರು ಹೇಗಿರಬೇಕೆಂಬುದನ್ನು ಅವರು ವಿವರಿಸಿದ್ದರು. ಅಗಲವಾದ ಬೀದಿಗಳು, ಬೇಗ ಬೆಳೆಯುವ ನೆರಳಿನ ಮರಗಳು, ಹಸುರು ಬಯಲುಗಳು, ಆಟದ ಸ್ಥಳಗಳು, ಹಿಂದೂಗಳಿಗೂ ಮುಸಲ್ಮಾನರಿಗೂ ಕ್ರೈಸ್ತರಿಗೂ ಅವರವರ ಪೂಜಾಸ್ಥಾನಗಳು ಇವೆಲ್ಲಕ್ಕೂ ಮೊದಲೇ ಜಾಗವನ್ನು ಬಿಡಬೇಕೆಂಬುದು ಅದರ ತಾತ್ಪರ್ಯ. ಮಕ್ಕಳು ಆ ಮಾತನ್ನು ನಡೆಸಿದರು. 1907ರಲ್ಲಿ ಉಕ್ಕಿನ ಸಂಸ್ಥೆಯು ಹುಟ್ಟಿ, ಸಾಕ್ಚಿಯೆಂಬ ಹಳ್ಳಿಯ ಬಳಿ 1912ರಲ್ಲಿ ಮೊದಲ ಉಕ್ಕು ಹೊರಬಂದಿತು. ಆ ಊರಿಗೆ 1919ರಲ್ಲಿ ಜಮಶೇಡಪುರವೆಂದು ನಾಮಕರಣವಾಯಿತು. ರತನಜಿಯವರೂ ದೊರಾಬಜಿಯವರೂ ತಮ್ಮ ಸಂಪತ್ತನ್ನು ಧರ್ಮನಿಧಿಗಳಿಗೆ ಬಿಟ್ಟುಹೋದುದರಿಂದ, ಟಾಟಾ ಉದ್ಯಮಗಳ ಮೂಲಸಂಸ್ಥೆಯ ಪಾಲುಗಳಲ್ಲಿ ಸುಮಾರು ಮೂರರಲ್ಲಿ ಎರಡು ಭಾಗವು ಇಂದು ಅಂತಹ ನಿಧಿಗಳ ಒಡೆತನದಲ್ಲಿದೆ.

ಈಗ ನಮ್ಮ ದೇಶದಲ್ಲಿ 2013ರ ಕಂಪನಿ ಕಾಯಿದೆಯಂತೆ, ನಿಗದಿಯಾದ ಪ್ರಮಾಣಕ್ಕಿಂತ ದೊಡ್ಡವಾದ ಸಂಸ್ಥೆಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಹಿತಕ್ಕಾಗಿ ವೆಚ್ಚ ಮಾಡಬೇಕಾಗಿದೆ. ಇದು ಒಳ್ಳೆಯ ಕಟ್ಟಳೆ. ಆದರೆ ಕಾಯಿದೆಯು ಲಾಭದಲ್ಲಿ ಎರಡು ಭಾಗವನ್ನು ಕೇಳುತ್ತದೆ. ಶರಣಧರ್ಮವು ಉಳಿದ ತೊಂಬತ್ತೆಂಟು ಭಾಗ ಹೇಗೆ ಬಂದಿತೆಂಬುದನ್ನೂ ಕೇಳುತ್ತದೆ. ಹಾಂಗ್‌ಕಾಂಗಿನ ಅಫೀಮಿನಿಂದ ನಾಗಪುರದ ನಿವೃತ್ತಿವೇತನದವರೆಗೆ ಜಮಶೇಟಜಿಯವರು ನಡೆದ ದೂರವು ಸಣ್ಣದಲ್ಲ. ವ್ಯಾಪಾರಿಯು ತನ್ನ ವ್ಯಾಪಾರದೊಳಗೇ ಶುದ್ಧನಾಗುತ್ತ ಹೋಗಬಹುದೆಂಬುದಕ್ಕೆ ಅದು ಸಾಕ್ಷಿ.

ಭಕ್ತರಲ್ಲಿ ಗಿರಣಿಯ ಒಡೆಯರು ಕೆಲವರೇ ಇರಬಹುದು. ಆದರೆ ಒಬ್ಬ ಆಳನ್ನಾದರೂ ಇಟ್ಟುಕೊಂಡಿರುವವರು ಬಹಳ. ಹೊಲದಲ್ಲಿ ದುಡಿಯುವವಳಿಗೆ ಸಂಜೆಯೊಳಗೆ ಕೂಲಿ ಸಂದಿತೇ, ಅಂಗಡಿಯ ಹುಡುಗನಿಗೆ ಜ್ವರ ಬಂದ ದಿನಗಳ ಸಂಬಳವನ್ನು ಮುರಿದುಕೊಂಡೆವೇ, ಮೂಟೆ ಹೊತ್ತು ಬೆನ್ನು ಮುರಿದವನ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂಬುದನ್ನು ಮೊದಲು ನೋಡಿಕೊಂಡು, ಅನಂತರ ಮಠದ ದಾಸೋಹಕ್ಕೆ ಕೈಯೆತ್ತಿ ಕೊಟ್ಟರೆ, ಆ ಅನ್ನವು ಗುರುಲಿಂಗಜಂಗಮರಿಗೆ ನಿಜವಾಗಿಯೂ ಸಲ್ಲುವುದು.